ಎಡಗಾಲಿಗೆ ಲಕ್ಕಿ, ಬಲಗಾಲಿಗೆ ಮುತ್ತುಗ

ಅವರ ಬಲಗೈಯ ಮೂರು ಬೆರಳು ಹಸಿರುಗಪ್ಪಾಗಿದ್ದವು. ಸೀಗೆಪುಡಿ ಹಾಕಿ ಉಜ್ಜಿದರೂ ಬೂದಿ ಹಾಕಿ ತಿಕ್ಕಿದರೂ ಆ ಬಣ್ಣ ಬಿಡುತ್ತಿರಲಿಲ್ಲ. ಉಗುರಿನ ಸಂದಿಯಲ್ಲಂತೂ ಮಸಿಕುಡಿಕೆಗೆ ಅದ್ದಿ ತೆಗೆದ ಹಾಗೆ ಗೆರೆ ಕಟ್ಟಿತ್ತು. ಬೆಳಿಗ್ಗೆ ಸ್ನಾನವಾದ ಮೇಲೆ ಅದೇ ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆದುಕೊಂಡು ಆಸ್ಪತ್ರೆಗೆ ಬರುತ್ತಿದ್ದರು. ಹಣೆಯ ಮೇಲೆ ಬಿಳಿಯ ಪಟ್ಟೆಗಳು ಚೊಕ್ಕಟವಾಗಿ ಕೂತಿರುತ್ತಿದ್ದವು. ಎಳೆದ ಬೆರಳುಗಳು ಮಾತ್ರ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿದವನ ಬೆರಳಿನಂತೆ ಕಾಣುತ್ತಿದ್ದವು.

ಅವರು ನಮ್ಮ ಆಸ್ಪತ್ರೆಯ ಕಾಂಪೌಂಡರ್. ನಾನು ಅಲ್ಲಿ ಸರ್ಕಾರಿ ಸೂಲಗಿತ್ತಿ, ಊರವರ ಬಾಯಲ್ಲಿ ನರ್ಸಮ್ಮ. ಆಸ್ಪತ್ರೆ ಎಂದರೆ ಹೆಂಚಿನ ಮೂರು ಕೋಣೆ, ಒಂದು ಜಗಲಿ. ಅರಕಲಗೂಡು ಸೀಮೆಯ ಆ ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿ ನಡೆದದ್ದರಲ್ಲಿ ಭಾಗಿಯಾದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ, ಅವರ ಮೇಲೆ ನನಗೇನೂ ಮುನಿಸಿಲ್ಲ.

ನನ್ನ ತವರು ಹಾಸನದ ಹತ್ತಿರದ ಮೊಸಳೆ ಎಂಬ ಹಳ್ಳಿ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡರು. ಅತ್ತೆ ಮನೆಯಲ್ಲಿ ಮೂಲೆ ಹಿಡಿದು ಕೂರುವುದು ಬೇಡ ಎಂದು ನನ್ನ ಅಪ್ಪ ಹಟ ಹಿಡಿದು ಸೂಲಗಿತ್ತಿ ತರಬೇತಿಗೆ ಮೈಸೂರಿಗೆ ಕಳಿಸಿದ್ದರು. ಕಲಿತು ಬಂದು ಕೆಲಸಕ್ಕೆ ಸೇರಿದ ಮೊದಲ ದಿನ, ಬೆಳಿಗ್ಗೆ ಔಷಧಿಯ ಕಿಟಕಿಯ ಹಿಂದೆ ನಿಂತೆ. ಸಾಲಿನಲ್ಲಿ ಮೊದಲು ನಿಂತಿದ್ದ ಯಜಮಾನರೊಬ್ಬರು ನನ್ನ ಬರಿ ಹಣೆಯನ್ನು ಕಂಡು ಮುಖ ತಿರುಗಿಸಿ, "ಕಾಂಪೌಂಡ್ರೇ, ನೀವೇ ಬನ್ನಿ. ಮುಂಜಾನೇಲೆ ಇವ್ರ ಮುಖ ನೋಡಿ ಔಸ್ದಿ ಕುಡುದ್ರೆ ಏನ್ ವಾಸಿ ಆದಾತು" ಎಂದರು.

ನಾನು ಹಿಂದಕ್ಕೆ ಸರಿಯಹೋದೆ. ಒಳಗಿನಿಂದ ಕಾಂಪೌಂಡರ್ ಬಂದು ನನ್ನ ದಾರಿಗೆ ಅಡ್ಡವಾಗಿ ನಿಂತರು. ಗಟ್ಟಿ ಧ್ವನಿಯೇನಲ್ಲ, ದಿನಸಿ ಅಂಗಡಿಯಲ್ಲಿ ಗಿರಾಕಿಗೆ ಉತ್ತರ ಕೊಡುವ ಧ್ವನಿ. "ಇವತ್ತಿಂದ ಈ ಕಿಟಕೀಲಿ ಔಷಧಿ ಕೊಡೋದು ಈಯಮ್ಮನೇ, ಯಜಮಾನ್ರೇ. ಬೇಡ ಅಂದ್ರೆ ಅರಕಲಗೂಡು ಮೂರು ಹರದಾರಿ. ಈಗ ಹೊರಟ್ರೆ ಬಿಸಿಲೇರೋದ್ರೊಳಗೆ ಸೇರ್ಕೋತೀರ."

ಯಜಮಾನರು ಅರಕಲಗೂಡಿನ ದಾರಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಸೀಸೆ ಮುಂದಕ್ಕೆ ಚಾಚಿದರು. ನಾನು ಔಷಧಿ ತುಂಬಿಸಿ ಕೊಟ್ಟೆ. ಒಂದಿಷ್ಟು ಚೆಲ್ಲಿತು. "ಚೆಲ್ಲಲಿ ಬಿಡು" ಎಂದರು ಕಾಂಪೌಂಡರ್. ನಾನು "ಸರಿ ಸಾರ್" ಎಂದೆ. "ಸಾರ್ ಅಂದ್ರೆ ಒಳಗೆ ಕುರ್ಚಿ ಮೇಲೆ ಕೂತಿರೋರು. ನನಗೆ ಅಣ್ಣ ಅಂದ್ರೆ ಸಾಕು" ಎಂದು ತಮ್ಮ ಔಷಧಿ ಅರೆಯುವ ಕಲ್ಲುಬಟ್ಟಲಿನ ಕಡೆ ಹೋದರು. ಅಂದಿನಿಂದ ಅವರು ನನಗೆ ಅಣ್ಣ.

ಅವರ ಮನೆಯವರು ಹೊಳೆನರಸೀಪುರದಲ್ಲಿ ದಿನಸಿ ವ್ಯಾಪಾರ ಮಾಡಿಕೊಂಡಿದ್ದ ವೀರಶೈವರು. ಅಂಗಡಿಯಲ್ಲಿ ಕೂರಲಾರೆ ಎಂದು ಇವರು ಕಾಂಪೌಂಡರ್ ಪರೀಕ್ಷೆ ಕಟ್ಟಿ ಪಾಸಾಗಿದ್ದರು. ಅಂಗಡಿ ಬಿಟ್ಟರೂ ಅಂಗಡಿಯ ಒಂದು ಅಭ್ಯಾಸ ಬಿಟ್ಟಿರಲಿಲ್ಲ: ಕೈಗೆ ಬಂದ ಯಾವ ಪುಡಿಯನ್ನಾದರೂ ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಳ್ಳುವುದು. ವಿಷದ ಬೀರುವಿನಲ್ಲಿದ್ದವನ್ನು ಬಿಟ್ಟು ಆ ಕಪಾಟಿನ ಔಷಧಿಗಳೆಲ್ಲದರ ರುಚಿ ಅವರಿಗೆ ಗೊತ್ತಿತ್ತು. ಒಮ್ಮೆ ಅಡಿಗೆ ಸೋಡಾದ ಡಬ್ಬಿಯಲ್ಲಿ ಬೇರೇನೋ ಬೆರೆತು ಬಂದದ್ದನ್ನು ಚೀಟಿ ನೋಡದೆ, ನಾಲಿಗೆಯಿಂದಲೇ ಹೇಳಿದ್ದರು.

ಆಗಿನ ಕಾಲದಲ್ಲಿ ರೋಗಿಗಳು ಮನೆಯಿಂದ ಸೀಸೆ ತರುತ್ತಿದ್ದರು. ಔಷಧಿ ತುಂಬಿ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಅಂಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಮೈಗೆ ಅಂಟಿಸಿ ಕೊಡುವುದು ಪದ್ಧತಿ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಸೀಮೆಯಿಂದ, ಎಂದರೆ ಇಂಗ್ಲೆಂಡಿನ ಕಡೆಯಿಂದ, ಹಡಗು ಬರುವುದು ಕಮ್ಮಿಯಾಯಿತು. ಕೀಲು ಊದಿ ನೋಯುವ ಕೀಲುಬಾವಿಗೆ ಕೊಡುತ್ತಿದ್ದ ಸ್ಯಾಲಿಸಿಲೇಟ್ ಪುಡಿ ಮೊದಲು ಅರ್ಧಕ್ಕೆ ಇಳಿಯಿತು, ಆಮೇಲೆ ನಿಂತೇ ಹೋಯಿತು. ಗದ್ದೆ ನಾಟಿಯ ಕಾಲ ಬೇರೆ. ದಿನವಿಡೀ ಕೆಸರಿನಲ್ಲಿ ನಿಂತು ನಾಟಿ ಹಾಕಿದ ಹೆಂಗಸರು ಗಡಿಗೆಯ ಹಾಗೆ ಊದಿದ ಮಂಡಿ ಹೊತ್ತುಕೊಂಡು ಬಂದು ಜಗಲಿಯ ಮೇಲೆ ಕೂರುತ್ತಿದ್ದರು.

ನಮ್ಮ ಡಾಕ್ಟರು ಬೆಂಗಳೂರಿನ ಕಡೆಯವರು. ಇನ್ನೂ ಮೂವತ್ತು ದಾಟಿರಲಿಲ್ಲ. ಕೆಟ್ಟವರಲ್ಲ. ಒಂದು ದಿನ ಕಾಂಪೌಂಡರನ್ನು ಕರೆದು, "ನೀರಿಗೆ ಬಣ್ಣ ಹಾಕಿ, ನಾಲಿಗೆಗೆ ಕಹಿಯಾಗೋ ಹಾಗೆ ಏನಾದರೂ ಸೇರಿಸಿ ಕೊಡ್ತಾ ಇರಿ. ಕೀಲುಬಾವಿನ ಮಿಕ್ಸ್ಚರ್ ಅಂತಲೇ ಹೇಳಿ" ಎಂದರು.

"ಅದು ಮಿಕ್ಸ್ಚರ್ ಅಲ್ವಲ್ಲ ಸಾರ್."

"ನೋಡಿ, ಬರಿಗೈಯಲ್ಲಿ ಕಳಿಸಿದ್ರೆ ಈ ಜನ ನಾಳೆಯಿಂದ ತಾಯಿತ ಕಟ್ಟೋನ ಹತ್ರ ಹೋಗ್ತಾರೆ. ಆಮೇಲೆ ಔಷಧಿ ಬಂದ್ರೂ ನಮ್ಮ ಹತ್ರ ಬರಲ್ಲ. ನಂಬಿಕೆ ಉಳೀಬೇಕು."

"ಸುಳ್ಳು ಹೇಳಿ ಉಳಿಸ್ಕೊಂಡ ನಂಬಿಕೆ ನಮಗ್ಯಾಕೆ ಸಾರ್" ಎಂದು ಅಣ್ಣ ಹೊರಗೆ ಬಂದರು.

ಆಜ್ಞೆಯನ್ನು ಅವರು ಮೀರಲಿಲ್ಲ, ಬಣ್ಣದ ನೀರು ಮಾಡಿದರು. ಆದರೆ ಸೀಸೆಗೆ ಅಂಟಿಸುವ ಪಟ್ಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಬಣ್ಣ ಮತ್ತು ನೀರು' ಎಂದು ಬರೆದರು. ಓದು ಬಾರದವರೇ ಹೆಚ್ಚಾದ್ದರಿಂದ ಕಿಟಕಿಯಲ್ಲಿ ಓದಿಯೂ ಹೇಳಿದರು. "ಅಜ್ಜಿ, ಇದು ಬಣ್ಣದ ನೀರು. ಸೀಮೆಯಿಂದ ಔಷಧಿ ಬಂದಿಲ್ಲ. ಬೇಕು ಅಂದ್ರೆ ತಗೊಂಡೋಗು."

ಮೊದಲು ಬಂದ ಅಜ್ಜಿ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಕೊಡಪ್ಪ, ಬಣ್ಣ ಚೆನ್ನಾಗದೆ" ಎಂದು ತೆಗೆದುಕೊಂಡು ಹೋದಳು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ವಾರ ಬಿಟ್ಟು ಅದೇ ಅಜ್ಜಿ ಕೋಲೂರಿಕೊಂಡು ಬಂದು ಖಾಲಿ ಸೀಸೆಯನ್ನು ಕಿಟಕಿಯ ಮೇಲಿಟ್ಟಳು. "ನಿನ್ನ ನೀರಿಗಿಂತ ನಮ್ಮ ಲಕ್ಕಿ ಸೊಪ್ಪೇ ವಾಸಿ ಕಣಪ್ಪ. ಬಿಸಿ ಮಾಡಿ ಕಟ್ಟುದ್ರೆ ಊತ ವಸಿ ಇಳೀತದೆ."

"ಯಾಕೆ ಇಳೀತದೆ ಅಜ್ಜಿ?"

"ಯಾಕೆ ಅಂದ್ರೆ? ಇಳೀತದೆ ಕಣಪ್ಪ. ನಮ್ಮವ್ವನೂ ಕಟ್ತಿದ್ಲು."

ಲಕ್ಕಿ ಗಿಡ ನಮ್ಮ ಕಡೆಯವರಿಗೆ ಹೊಸದಲ್ಲ. ಹೊಳೆಯ ದಂಡೆಯಲ್ಲಿ, ಹೊಲದ ಬೇಲಿಯಲ್ಲಿ ತಾನಾಗಿ ಬೆಳೆಯುತ್ತದೆ. ಕೈಬೆರಳಿನಂತೆ ಬಿಡಿಸಿಕೊಂಡ ಎಲೆ, ಅದರ ತಳ ಬೂದುಬಿಳುಪು, ಹೂವು ನೀಲಿ. ಮುರಿದರೆ ಗಾಟು ವಾಸನೆ. ಬಾಣಂತಿಯ ಸ್ನಾನದ ಹಂಡೆಗೆ ಆ ಸೊಪ್ಪು ಹಾಕದ ಮನೆ ಇರಲಿಲ್ಲ. ಮೈಸೂರಿನಲ್ಲಿ ಕಲಿತು ಬಂದ ಹಮ್ಮಿನಲ್ಲಿ ನಾನೇ ಎಷ್ಟೋ ಮನೆಗಳಲ್ಲಿ ಅದನ್ನು ತೆಗೆದು ಹಿತ್ತಿಲಿಗೆ ಎಸೆದಿದ್ದೆ. ಅಣ್ಣ ಈ ಸಂಗತಿಯನ್ನು ಡಾಕ್ಟರಿಗೆ ಹೇಳಿದಾಗ ಅವರೂ ನನ್ನ ಹಾಗೆಯೇ, "ಅದು ಸೊಪ್ಪಿನ ಗುಣವಲ್ಲ ಕಾಂಪೌಂಡ್ರೇ, ಬಿಸಿಯ ಗುಣ. ಬಿಸಿ ಇಟ್ಟಿಗೆ ಕಟ್ಟಿದ್ರೂ ಅಷ್ಟೇ" ಎಂದರು.

ಬೇರೆ ಯಾರಾದರೂ ಇದ್ದರೆ ವಾದಕ್ಕೆ ನಿಲ್ಲುತ್ತಿದ್ದರು, ಇಲ್ಲವೇ ಸುಮ್ಮನಾಗುತ್ತಿದ್ದರು. ಅಣ್ಣ ಸಂತೆಬೀದಿಯ ದರ್ಜಿಯ ಹತ್ತಿರ ಹೋಗಿ ಅಳತೆಯ ಟೇಪು ಇಸಿದುಕೊಂಡು ಬಂದರು.

ಎರಡೂ ಮಂಡಿ ಊದಿದವರು ನಮ್ಮಲ್ಲಿಗೆ ಬೇಕಾದಷ್ಟು ಜನ ಬರುತ್ತಿದ್ದರು. ಅವರಲ್ಲಿ ಒಪ್ಪಿದವರನ್ನು ಅಣ್ಣ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಒಂದು ಮಂಡಿಗೆ ಬಿಸಿ ಮಾಡಿದ ಲಕ್ಕಿ ಸೊಪ್ಪು. ಇನ್ನೊಂದಕ್ಕೆ ಅಷ್ಟೇ ಬಿಸಿ ಮಾಡಿದ ಮುತ್ತುಗದ ಎಲೆ. ಊಟಕ್ಕೆ ಹಚ್ಚುವ ಆ ಎಲೆಯಿಂದ ಮಂಡಿಯೂತ ಇಳಿಯಿತೆಂದು ನಮ್ಮ ಕಡೆ ಯಾರೂ ಹೇಳಿದ್ದಿಲ್ಲ. ಎರಡಕ್ಕೂ ಒಂದೇ ಹಂಡೆಯ ಹಬೆ, ಒಂದೇ ಬಟ್ಟೆ, ಒಂದೇ ಹೊತ್ತು. ಒಬ್ಬರಿಗೆ ಎಡಗಾಲಿಗೆ ಲಕ್ಕಿ, ಬಲಗಾಲಿಗೆ ಮುತ್ತುಗವಾದರೆ ಇನ್ನೊಬ್ಬರಿಗೆ ಅದಲುಬದಲು. ಯಾವುದು ಯಾವ ಕಾಲಿಗೆಂದು ಚೀಟಿಯಲ್ಲಿ ಬರೆದು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಟ್ಟು ಬಿಚ್ಚಿ, ತೊಳೆದು ಒರೆಸಿದ ಮೇಲೆ ನನ್ನನ್ನು ಕರೆಯುತ್ತಿದ್ದರು. ನಾನು ಟೇಪು ಸುತ್ತಿ ಅಳೆದು ಹೇಳಬೇಕು, ಅವರು ಬರೆದುಕೊಳ್ಳಬೇಕು.

"ಯಾವುದಕ್ಕೆ ಲಕ್ಕಿ ಕಟ್ಟಿದ್ದು ಅಂತ ನನಗೆ ಹೇಳಿದ್ರೆ ಏನಣ್ಣ?" ಎಂದು ಒಮ್ಮೆ ಕೇಳಿದೆ.

"ಹೇಳಿದ್ರೆ ನಿನ್ನ ಕೈ ಟೇಪನ್ನ ವಸಿ ಬಿಗಿಯಾಗಿ ಎಳೀತದೆ. ನೀನು ಎಳೀಬೇಕು ಅಂತಲ್ಲ. ಕೈಯೇ ಎಳೀತದೆ. ನಾನಾದ್ರೂ ಅಷ್ಟೇ, ಅದಕ್ಕೇ ನಾನು ಅಳೆಯಲ್ಲ."

ಎರಡನೆಯ ದಿನಕ್ಕೆ ಅವರಿಗೆ ಇನ್ನೊಂದು ತೊಡಕು ಹೊಳೆಯಿತು. ಲಕ್ಕಿಯ ವಾಸನೆ ತೊಳೆದರೂ ಹೋಗುವುದಿಲ್ಲ, ನನ್ನ ಮೂಗಿಗೆ ಗೊತ್ತಾಗಿಬಿಡುತ್ತದೆ. ಅಂದಿನಿಂದ ಎರಡೂ ಮಂಡಿಗೆ ನೀಲಗಿರಿ ಎಣ್ಣೆ ಸವರಿ ಕೋಣೆಯೆಲ್ಲ ಅದೇ ವಾಸನೆ ತುಂಬಿದ ಮೇಲೆ ನನ್ನನ್ನು ಒಳಗೆ ಬಿಡುತ್ತಿದ್ದರು. ರೋಗಿಗಳಿಗೂ ಬಾಯಿ ಬಿಡಬಾರದೆಂದು ತಾಕೀತು ಮಾಡಿದ್ದರು. ಬಣ್ಣದ ನೀರಿನ ಅಜ್ಜಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ. ನಾನು ಬಗ್ಗಿದ ಕೂಡಲೇ ಕಿವಿಯ ಹತ್ತಿರ, "ಎಡಗಡೇದು ಲಕ್ಕಿ ಕಣವ್ವ, ನೋಡ್ಕಂಡು ಅಳಿ" ಎಂದು ಪಿಸುಗುಟ್ಟಿದಳು. ಅಣ್ಣ ಅದನ್ನು ಕೇಳಿಸಿಕೊಂಡರು. ಅಂದಿನ ಅವಳ ಲೆಕ್ಕವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅಜ್ಜಿಗೆ ಸಿಟ್ಟು ಬಂದು ಎರಡು ದಿನ ಬರಲಿಲ್ಲ.

ಪವಾಡವೇನೂ ನಡೆಯಲಿಲ್ಲ. ಅದನ್ನು ಅವರೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. ಬಿಸಿಯಿಂದ ಎರಡೂ ಮಂಡಿಗೆ ಹಿತವಾಗುತ್ತಿತ್ತು, ಆ ಮಾತಿನಲ್ಲಿ ಡಾಕ್ಟರು ಹೇಳಿದ್ದು ಸರಿ. ಆದರೆ ಕೊನೆಗೆ ಜೇಬಿನ ಚೀಟಿಗಳನ್ನು ತೆಗೆದು ಅಳತೆಗೆ ತಾಳೆ ಹಾಕಿದಾಗ, ಲಕ್ಕಿ ಕಟ್ಟಿದ ಮಂಡಿ ಹೆಚ್ಚಿನವರಲ್ಲಿ ಒಂದು ನೂಲು, ಎರಡು ನೂಲು, ಎಂದರೆ ಕಾಲು ಅಂಗುಲದೊಳಗೆ, ಹೆಚ್ಚಾಗಿ ಇಳಿದಿತ್ತು. ಕೆಲವರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಒಬ್ಬಳಿಗೆ ಲಕ್ಕಿ ಕಟ್ಟಿದ ಮಂಡಿಯೇ ಹೆಚ್ಚು ಊದಿತ್ತು. ಅದನ್ನು ಬಿಟ್ಟುಬಿಡೋಣವೇ ಎಂದು ನಾನು ಕೇಳಿದಾಗ ಅವರು ಪೆನ್ಸಿಲು ಕೆಳಗಿಟ್ಟು ನನ್ನನ್ನೇ ನೋಡಿದರು. "ಇಳೀಲಿಲ್ಲ ಅಂತ ಬರಿ ತಾಯಿ. ಇಳಿದದ್ದನ್ನ ಬರೆಯೋಕೆ ಯಾರು ಬೇಕಾದ್ರೂ ಸಿಗ್ತಾರೆ" ಎಂದು ಅಳತೆಯ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಆ ಸಾಲನ್ನು ನಾನೇ ಬರೆದೆ.

ಇಷ್ಟಾದ ಮೇಲೆ ಅವರಿಗೆ ಬೇರೆ ಹುಚ್ಚು ಹಿಡಿಯಿತು. ಆ ಎಲೆಯೊಳಗೆ ಏನಿದೆ? ಇಳಿಸುವುದು ಅದರ ಯಾವ ಭಾಗ?

ಆಸ್ಪತ್ರೆಯಲ್ಲಿ ನೀರನ್ನು ಭಟ್ಟಿ ಇಳಿಸುವ ತಾಮ್ರದ ಪಾತ್ರೆಯೊಂದಿತ್ತು. ಭಾನುವಾರ ಮಧ್ಯಾಹ್ನ ಅದರಲ್ಲಿ ಲಕ್ಕಿ ಸೊಪ್ಪು ತುಂಬಿ ಹಬೆ ಹಾಯಿಸಿದರು. ಇಳಿದ ನೀರಿನ ಮೇಲೆ ತೆಳ್ಳನೆಯ ಎಣ್ಣೆಯ ಪೊರೆ ತೇಲಿತು. ಗಾಟೆಲ್ಲ ಅದರಲ್ಲೇ ಇತ್ತು. ಅದನ್ನು ಹಕ್ಕಿಯ ಗರಿಯಿಂದ ಬೇರೆ ಮಾಡಿ ಸಣ್ಣ ಸೀಸೆಗೆ ಹಾಕಿದರು. ಉಳಿದದ್ದನ್ನು ಹೀರಿ ತೆಗೆಯಲು ಸ್ಪಿರಿಟ್ ಬೇಕು. ಆಸ್ಪತ್ರೆಯ ಸ್ಪಿರಿಟ್ ಗಾಯ ತೊಳೆಯಲು ಇರುವುದು, ಅದನ್ನು ಮುಟ್ಟುವುದಿಲ್ಲ ಎಂದರು. ಸಂಜೆ ಕೈಯಲ್ಲಿ ದೊಡ್ಡ ಸೀಸೆ ಹಿಡಿದುಕೊಂಡು ನೇರವಾಗಿ ಸಾರಾಯಿ ಅಂಗಡಿಗೆ ನಡೆದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಸಾರಾಯಿ. ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು ನಿಂತರು. ಆ ವಾರ ಅವರ ಹೆಂಡತಿ ಬಾವಿಕಟ್ಟೆಗೆ ಹೋಗಲಾರದೆ ಮನೆಯಲ್ಲೇ ಉಳಿದರು.

"ಒಂದು ಚೀಲದೊಳಗಾದ್ರೂ ಇಟ್ಕೊಂಡು ಬರಬಾರದಿತ್ತಾ ಅಣ್ಣ" ಎಂದೆ.

"ಮುಚ್ಚಿಟ್ಕೊಂಡು ಬಂದ್ರೂ ಕುಡಿಯೋಕೆ ಅಂತಾರೆ, ತೋರಿಸ್ಕೊಂಡು ಬಂದ್ರೂ ಕುಡಿಯೋಕೆ ಅಂತಾರೆ. ನಾನ್ಯಾಕೆ ಮುಚ್ಚಲಿ?"

ಸಾರಾಯಿಯನ್ನು ಇನ್ನೊಮ್ಮೆ ಭಟ್ಟಿ ಇಳಿಸಿ ಖಾರ ಮಾಡಿ, ನೆರಳಲ್ಲಿ ಒಣಗಿಸಿದ ಸೊಪ್ಪಿನ ಪುಡಿಯನ್ನು ಅದರಲ್ಲಿ ನೆನೆಹಾಕಿದರು. ಸೋಸಿ ಆರಿಸಿದಾಗ ತಾರಿನಂಥ ಹಸಿರುಗಪ್ಪು ಅಂಟು ಉಳಿಯಿತು. ಅವರ ಬೆರಳಿನ ಬಣ್ಣ ಇದರದೇ. ಅದನ್ನು ಬಿಸಿನೀರಿನಲ್ಲಿ ಕದಡಿದರೆ ಹಸಿರು ಅಂಟು ತಳಕ್ಕೆ ಕೂರುತ್ತಿತ್ತು, ಮೇಲಿನ ನೀರು ಕಂದುಬಣ್ಣ ತಿರುಗುತ್ತಿತ್ತು. ಆ ಕಂದು ನೀರಿಗೆ ಕಬ್ಬಿಣದ ದ್ರಾವಣ ಒಂದು ಹನಿ ಬಿಟ್ಟರೆ ಕಪ್ಪಾಗುತ್ತಿತ್ತು. ಒಗರಿನ ಅಂಶ ಇದೆ ಎನ್ನುವುದಕ್ಕೆ ಅದು ಗುರುತು ಎಂದರು. ಬೇರೆ ಬಟ್ಟಲಿನಲ್ಲಿ ಪಾದರಸ ಬೆರೆಸಿದ ದ್ರಾವಣ ಒಂದು ಹನಿ ಬಿಟ್ಟರೆ ತಿಳಿಮಜ್ಜಿಗೆಯ ಹಾಗೆ ಮಸುಕಾಗುತ್ತಿತ್ತು. ಅದೂ ಒಂದು ಗುರುತು, ಔಷಧದ ಗಿಡಗಳಲ್ಲಿ ಸಿಗುವ ಕಹಿ ಸತ್ವದ್ದು. ಪರೀಕ್ಷೆ ಮಾಡದ ಬಟ್ಟಲಿನಿಂದ ಕಡ್ಡಿಯ ತುದಿಯಷ್ಟು ಆರಿಸಿ ನನ್ನ ನಾಲಿಗೆಗೂ ಇಟ್ಟರು. ಆ ಕಹಿ ಮಾರನೆಯ ದಿನದ ಊಟದ ತನಕ ಹೋಗಲಿಲ್ಲ.

ಮೂರು ಸೀಸೆಯಾಯಿತು: ಎಣ್ಣೆ, ಅಂಟು, ಕಹಿ. ಒಂದೊಂದನ್ನೂ ಮೇಣದಲ್ಲಿ ಬೆರೆಸಿ ಮತ್ತೆ ಮಂಡಿಗಳ ಮೇಲೆ ನೋಡಿದೆವು, ಮತ್ತೆ ಟೇಪು, ಮತ್ತೆ ಜೇಬಿನ ಚೀಟಿ. ಎಣ್ಣೆ ಸವರಿದವರು ಹಾಯೆನ್ನಿಸುತ್ತದೆ ಎಂದರು, ಟೇಪು ಮಾತ್ರ ಅಲ್ಲಾಡಲಿಲ್ಲ. ಅಂಟಿನಿಂದ ಸೀರೆ ಕೊಳೆಯಾಯಿತು, ಅಷ್ಟೇ. ಊತ ಇಳಿದದ್ದು ಕಹಿ ಸವರಿದ ಮಂಡಿಯಲ್ಲಿ.

"ಇದರ ಹೆಸರೇನಣ್ಣ?"

"ಗೊತ್ತಿಲ್ಲ."

"ಪುಸ್ತಕದಲ್ಲಿ ಏನಂತ ಬರೀಲಿ?"

"ಗೊತ್ತಿಲ್ಲ ಅಂತಲೇ ಬರಿ. ಗೊತ್ತಿರೋರು ಬಂದಾಗ ಆ ಜಾಗದಲ್ಲಿ ತುಂಬಿಸ್ಕೊಳ್ಳಲಿ."

ಸುದ್ದಿ ಹೇಗೋ ಹರಡಿ ಹಾಸನದ ತೈಲದ ವ್ಯಾಪಾರಿಯೊಬ್ಬ ಹುಡುಕಿಕೊಂಡು ಬಂದ. ತಯಾರಿಸುವ ಬಗೆ ಹೇಳಿಕೊಟ್ಟರೆ ಸಾಕು, ಸೀಸೆಯ ಮೇಲೆ ಕಾಂಪೌಂಡರ ಭಾವಚಿತ್ರವನ್ನೇ ಅಚ್ಚು ಹಾಕಿಸುತ್ತೇನೆ, ಸಕಲ ನೋವಿಗೂ ಒಂದೇ ಮದ್ದು ಎಂದು ಸಾರುತ್ತೇನೆ ಎಂದ. ಅಣ್ಣ ತಾಳ್ಮೆಯಿಂದ ಕೇಳಿ, "ಸಕಲ ನೋವಿಗೂ ಅಂತ ಹಾಕೋದಾದ್ರೆ ಲಕ್ಕಿ ಯಾಕೆ ಬೇಕು? ನಮ್ಮಲ್ಲಿ ಬಣ್ಣದ ನೀರಿದೆ, ಅದನ್ನೇ ತಗೊಂಡೋಗಿ" ಎಂದರು. ಆಮೇಲೆ ತಯಾರಿಸುವ ಬಗೆಯನ್ನೂ ಒಂದೊಂದಾಗಿ ಬಿಡಿಸಿ ಹೇಳಿದರು, ಎಷ್ಟು ಜನರಿಗೆ ಗುಣ ಕಾಣಲಿಲ್ಲ ಎಂಬುದನ್ನೂ ಸೇರಿಸಿ. ಅವನು ಮತ್ತೆ ಬರಲಿಲ್ಲ.

ಡಾಕ್ಟರು ಇದನ್ನೆಲ್ಲ ಎಷ್ಟು ದಿನ ಸಹಿಸಿಯಾರು? ತಾವು ಮಿಕ್ಸ್ಚರ್ ಎಂದದ್ದನ್ನು ಕಿಟಕಿಯಲ್ಲಿ ಬಣ್ಣದ ನೀರು ಎಂದು ಕೂಗಿ ಹೇಳುವ ಕಾಂಪೌಂಡರ್, ಹಿಂದಿನ ಕೋಣೆಯಲ್ಲಿ ಅಪ್ಪಣೆಯಿಲ್ಲದೆ ನಡೆಯುವ ಸೊಪ್ಪಿನ ಚಿಕಿತ್ಸೆ. ಮೇಲಕ್ಕೆ ಬರೆದರು. ವಿಚಾರಣೆಗೆ ಹಾಸನದಿಂದ ಅಧಿಕಾರಿಯೊಬ್ಬರು ಬಂದರು. ಬಿಳಿ ಮೀಸೆಯ, ಗಂಭೀರವಾದ ಮನುಷ್ಯ. ಡಾಕ್ಟರ ಕೋಣೆಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು.

"ನಿನಗೆ ರಸಾಯನಶಾಸ್ತ್ರದಲ್ಲಿ ಯಾವ ಪದವಿ ಇದೆಯಪ್ಪ?"

"ಯಾವುದೂ ಇಲ್ಲ ಸ್ವಾಮಿ."

"ಮತ್ತೆ ಯಾವ ಅಧಿಕಾರದ ಮೇಲೆ ಇದನ್ನೆಲ್ಲ ಮಾಡಿದೆ?"

"ಟೇಪಿತ್ತು ಸ್ವಾಮಿ. ಮಂಡಿ ಇದ್ದವು. ಕೇಳಿ, ಒಪ್ಪಿದೋರಿಗೆ ಮಾತ್ರ ಕಟ್ಟಿದ್ದು. ಅಪ್ಪಣೆ ಕೇಳಿದ್ರೆ ಕೊಡ್ತಿರಲಿಲ್ಲ, ಅದಕ್ಕೆ ಕೇಳಲಿಲ್ಲ. ಅದು ತಪ್ಪು ಅಂತ ಬೇಕಾದ್ರೆ ಬರೀರಿ, ರುಜು ಹಾಕ್ತೀನಿ. ಸೊಪ್ಪಿನಲ್ಲಿ ಏನೂ ಇಲ್ಲ ಅಂತ ಬರೆದ್ರೆ ಹಾಕಲ್ಲ."

ಅಧಿಕಾರಿ ನಮ್ಮ ಅಳತೆಯ ಪುಸ್ತಕವನ್ನು ತೆರೆದು ತುಂಬ ಹೊತ್ತು ಓದಿದರು. ಒಂದು ಹಾಳೆಯಲ್ಲಿ ಬೆರಳಿಟ್ಟು ಕೇಳಿದರು. "ಇಲ್ಲಿ ಇಳಿಯಲಿಲ್ಲ ಅಂತ ಇದೆಯಲ್ಲ. ಇದನ್ನು ಯಾಕೆ ಬರೆದೆ?"

"ಇಳೀಲಿಲ್ಲವಲ್ಲ ಸ್ವಾಮಿ, ಅದಕ್ಕೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ನನ್ನ ಸರದಿ. ಡಾಕ್ಟರು ಒಂದು ಕಾಗದ ಬರೆದಿಟ್ಟಿದ್ದರು. ಕಾಂಪೌಂಡರ್ ಹೇಳಿದಂತೆ ನಾನು ಅಳತೆ ಹೇಳುತ್ತಿದ್ದೆ, ನನಗೆ ಸ್ವತಃ ಏನೂ ತಿಳಿಯದು ಎಂದು ಅದರಲ್ಲಿತ್ತು. "ರುಜು ಹಾಕಮ್ಮ, ನಿನ್ನ ಕೆಲಸಕ್ಕೇನೂ ತೊಂದರೆಯಾಗಲ್ಲ" ಎಂದರು ಡಾಕ್ಟರು. ಅವರ ಧ್ವನಿಯಲ್ಲಿ ಕರುಣೆ ಇತ್ತು. ಆ ಕೆಲಸ ಹೋದರೆ ನಾನು ಅತ್ತೆ ಮನೆಯ ಮೂಲೆಗೇ ವಾಪಸಾಗಬೇಕಿತ್ತು. ನಾನು ಅಣ್ಣನ ಕಡೆ ನೋಡಿದೆ. ಅವರು ನನ್ನನ್ನು ನೋಡದೆ, ಕಿಟಕಿಯ ಆಚೆ ನೋಡುತ್ತ ನಿಂತಿದ್ದರು. ಹಾಗೆ ಮಾಡು, ಹೀಗೆ ಮಾಡು ಎಂದು ಕಣ್ಣಿನಲ್ಲೂ ಹೇಳಲಿಲ್ಲ.

"ಅಳೆದವಳು ನಾನು" ಎಂದೆ. "ನೋಡಿದ್ದನ್ನೇ ಹೇಳಿದ್ದೀನಿ. ಯಾರೂ ಹೇಳಿಕೊಟ್ಟಿಲ್ಲ. ಇದಕ್ಕೆ ರುಜು ಹಾಕೋಕಾಗಲ್ಲ."

ನನ್ನ ಕೆಲಸ ಹೋಗಲಿಲ್ಲ. ಆ ಬಿಳಿ ಮೀಸೆಯವರೇ ತಡೆದಿರಬೇಕು ಎಂದು ಈಗ ಅನ್ನಿಸುತ್ತದೆ. ಅಣ್ಣನಿಗೆ ಮಾತ್ರ ಎರಡು ವರ್ಷದ ಬಡ್ತಿ ನಿಂತಿತು, ಹೊಳೆನರಸೀಪುರದ ಕಡೆಗೆ ವರ್ಗವಾಯಿತು. ಅಳತೆಯ ಪುಸ್ತಕವನ್ನು ಮೇಲಿನವರಿಗೆ ತೋರಿಸುವುದಾಗಿ ಅಧಿಕಾರಿ ತೆಗೆದುಕೊಂಡು ಹೋದರು. ಅದು ಹಿಂದಿರುಗಲಿಲ್ಲ. ಅಣ್ಣ ಮೂರು ಕಾಗದ ಬರೆದರು, ಉತ್ತರ ಬರಲಿಲ್ಲ.

"ನನಗೆ ಬಹುಪಾಲು ನೆನಪಿದೆ ಅಣ್ಣ. ನಿಮಗೂ ಇದೆ. ಕೂತು ಬರೆದುಬಿಡೋಣ" ಎಂದೆ, ಅವರು ಗಾಡಿಗೆ ಸಾಮಾನು ಹೇರುತ್ತಿದ್ದ ದಿನ.

"ನೆನಪಿಂದ ಬರೆದ್ರೆ ಅದು ಕಥೆಯಾಗ್ತದೆ ಕಣಮ್ಮ. ಅಲ್ಲೂ ಹೊಳೆ ಇದೆ, ಲಕ್ಕಿ ಇದೆ, ಮಂಡಿ ನೋವಿನೋರೂ ಇದ್ದಾರೆ. ಮೊದಲಿಂದ ಶುರು ಮಾಡ್ತೀನಿ."

ಮಾಡಿದರು. ಅಲ್ಲಿಂದ ಆಗಾಗ ಕಾರ್ಡು ಬರೆಯುತ್ತಿದ್ದರು. ಅಲ್ಲಿನ ಡಾಕ್ಟರಿಗೆ ಮೊದಲೇ ಎಲ್ಲವನ್ನೂ ಹೇಳಿ ಅಪ್ಪಣೆ ಕೇಳಿದ್ದರಂತೆ. ಅವರು ಕೊಡಲಿಲ್ಲ. ಇವರು ಕೇಳಿದ್ದನ್ನೂ ಅವರು ಕೊಡದಿದ್ದುದನ್ನೂ ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದು, ತಮ್ಮ ಮನೆಯ ಜಗಲಿಯ ಮೇಲೆ ಕೆಲಸ ಮುಂದುವರಿಸಿದರು. ಅದಕ್ಕೆ ಮತ್ತೆ ವರ್ಗ, ಈ ಸಲ ಚನ್ನರಾಯಪಟ್ಟಣದ ಕಡೆಗೆ. ಅಷ್ಟರಲ್ಲಿ ಯುದ್ಧ ಮುಗಿದು ಸ್ಯಾಲಿಸಿಲೇಟ್ ಬರತೊಡಗಿತ್ತು. ಲಕ್ಕಿಯ ಕಹಿಗಿಂತ ಅದು ಬೇಗ ಕೆಲಸ ಮಾಡುತ್ತದೆ, ಎರಡನ್ನೂ ಅಳೆದು ನೋಡಿದೆ ಎಂದು ಕಾರ್ಡಿನಲ್ಲಿ ಬರೆದಿದ್ದರು. ಹೊಟ್ಟೆ ಕೆಡುವವರಿಗೆ ಮಾತ್ರ ಲಕ್ಕಿ ಕಟ್ಟುತ್ತಿದ್ದೇನೆ ಎಂದಿತ್ತು ಕೊನೆಯ ಸಾಲು.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಬೇಸಿಗೆ. ಅವರ ಹೆಂಡತಿ ಯಾರ ಕೈಯಲ್ಲೋ ಬರೆಸಿದ ಕಾಗದ ಬಂತು. ನಿಮ್ಮ ಅಣ್ಣನಿಗೆ ಮೈ ಸರಿಯಿಲ್ಲ, ನಿಮ್ಮನ್ನು ಕೇಳುತ್ತಿದ್ದಾರೆ ಎಂದಿತ್ತು. ಹಾಸನದಲ್ಲಿ ಚನ್ನರಾಯಪಟ್ಟಣಕ್ಕೆ ಹೋಗುವ, ಪೆಟ್ರೋಲ್ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿದೆ. ಶಾಂತಿಗ್ರಾಮದ ಏರಿನಲ್ಲಿ ಅದು ನಿಂತುಬಿಟ್ಟಿತು, ಎಲ್ಲರೂ ಇಳಿದು ತಳ್ಳಿದೆವು. ನಾನು ಮನೆ ಸೇರಿದಾಗ ಮಧ್ಯಾಹ್ನ ಕಳೆದಿತ್ತು.

ಅವರು ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಹೆಂಡತಿ ಹೇಳಿದರು. ತುಟಿ ನೀಲಿಗಟ್ಟಿತ್ತು. ಸುತ್ತ ಅಣ್ಣತಮ್ಮಂದಿರು, ಭಾವಮೈದುನರು. ಎರಡೂ ಕಾಲು ತೊಡೆಯವರೆಗೆ ಊದಿದ್ದವು, ಆ ಎರಡಕ್ಕೂ ದಪ್ಪನಾಗಿ ಲಕ್ಕಿ ಸೊಪ್ಪು ಕಟ್ಟಿದ್ದರು. ಕೋಣೆಯ ತುಂಬ ಅದೇ ಗಾಟು.

ಅವರು ಕಣ್ಣು ತೆರೆದು ನನ್ನನ್ನು ಗುರುತಿಸಿದರು. "ಬಂದ್ಯಾ ತಾಯಿ" ಎಂದರು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳಬೇಕಾಗಿತ್ತು. "ಮೊಣಕಾಲ ಕೆಳಗೆ ಬೆರಳಿಟ್ಟು ಒತ್ತು. ಗುಳಿ ಬೀಳ್ತದಾ ನೋಡು."

ಕಟ್ಟಿನ ಅಂಚು ಸರಿಸಿ ಒತ್ತಿದೆ. ಬೆರಳು ಇಳಿದ ಗುಳಿ ಹಾಗೇ ನಿಂತಿತು, ಮೇಲೆ ಬರಲಿಲ್ಲ.

"ಬೀಳ್ತದೆ ಅಣ್ಣ."

"ಇದು ಕೀಲುಬಾವಲ್ಲ. ಹೃದಯ ಸೋತು ನಿಂತ ನೀರು. ಇದಕ್ಕೆ ಆ ಸೊಪ್ಪು ಏನೂ ಮಾಡಲ್ಲ. ಇವರಿಗೆ ಹೇಳಿ ಹೇಳಿ ಸಾಕಾಯ್ತು, ಕೇಳಲ್ಲ. ಬಿಚ್ಚಾಕು."

ಅವರ ಹಿರಿಯಣ್ಣ ಅಡ್ಡ ಬಂದರು. "ಅದೆಂಗೆ ಬಿಚ್ಚೀರಿ? ಜನಕ್ಕೆಲ್ಲ ಅವನು ಕಟ್ಟಿದ್ದು ಇದನ್ನೇ ಅಲ್ವಾ? ಅವರಿಗೆಲ್ಲ ಆದದ್ದು ಇವನಿಗೆ ಆಗಲ್ವಾ? ಉಸಿರಾಡೋಕೂ ಆಗ್ದೆ ಏನೋ ಬಡಬಡಿಸ್ತಾವ್ನೆ, ಅವನ ಮಾತು ಕಟ್ಕಂಡು ಕೈ ಹಾಕ್ಬೇಡಿ."

ನಾನು ಅವರ ಹೆಂಡತಿಯ ಮುಖ ನೋಡಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಣ್ಣ ಮತ್ತೆ ಉಸಿರು ಕೂಡಿಸಿಕೊಂಡರು. "ಇದನ್ನ ಕಟ್ಕೊಂಡು ನಾನು ಸತ್ರೆ, ಲಕ್ಕಿ ಕಟ್ಟಿಯೂ ಕಾಂಪೌಂಡರ್ ಸತ್ತ ಅಂತಾರೆ. ಬದುಕಿದ್ರೆ ಲಕ್ಕಿಯಿಂದ ಬದುಕಿದ ಅಂತಾರೆ. ಎರಡೂ ಸುಳ್ಳು."

ನಾನು ಕೆಳಗೆ ಕೂತು ಬಟ್ಟೆಯ ಗಂಟು ಬಿಚ್ಚಿದೆ. ಹಿರಿಯಣ್ಣ ನನ್ನ ಕೈ ಹಿಡಿದರು. ಬಿಡಿಸಿಕೊಂಡೆ. ಒಂದು ಕಾಲಿನದು ಬಿಚ್ಚಿ, ಇನ್ನೊಂದು ಕಾಲಿನದೂ ಬಿಚ್ಚಿ, ಸೊಪ್ಪನ್ನೆಲ್ಲ ಮೊರಕ್ಕೆ ಹಾಕಿ ಹೊರಗಿಟ್ಟೆ. ಒದ್ದೆ ಬಟ್ಟೆಯಿಂದ ಕಾಲು ಒರೆಸಿದೆ. ಅಣ್ಣ ನೋಡುತ್ತಿದ್ದರು. ಮುಗಿದ ಮೇಲೆ, "ಈಗ ಹಗುರವಾಯ್ತು" ಎಂದರು. ಊತ ಇಳಿದಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡರು. ನಾನು ಅಲ್ಲೇ ಇದ್ದೆ.

ಮಣ್ಣು ಮಾಡಿ ಬಂದವರು ಜಗಲಿಯ ಮೇಲೆ ಕೂತು, ಕಟ್ಟಿದ್ದ ಸೊಪ್ಪನ್ನು ನರ್ಸಮ್ಮ ಬಿಚ್ಚಿದ್ದರಿಂದಲೇ ಹೀಗಾಯಿತು ಎಂದು ನನಗೆ ಕೇಳಿಸುವ ಹಾಗೆ ಮಾತಾಡಿಕೊಂಡರು. ಆ ಮನೆಯ ಗಂಡಸರು ಆಮೇಲೆ ನನ್ನನ್ನು ಮಾತಾಡಿಸಲಿಲ್ಲ. ಮದುವೆ ಮುಂಜಿಗೂ ಕರೆಯಲಿಲ್ಲ. ಎಷ್ಟೋ ವರ್ಷದ ಮೇಲೆ ದೊಡ್ಡಗದ್ದವಳ್ಳಿಯ ಹತ್ತಿರ ಹೆರಿಗೆಗೆ ಹೋದಾಗ ಅವರ ನೆಂಟರಲ್ಲೊಬ್ಬಾಕೆ ನನ್ನನ್ನು ಕಂಡು ಗುರುತು ಹಿಡಿದು, "ಕಾಂಪೌಂಡ್ರಿಗೆ ಕಟ್ಟಿದ್ದ ಸೊಪ್ಪು ಬಿಚ್ಚಿದೋರು ನೀವೇ ಏನ್ರಮ್ಮ?" ಎಂದು ಕೇಳಿದರು.

"ಹೌದು, ನಾನೇ" ಎಂದೆ. ಒಳಗೆ ಹೆಣ್ಣುಮಗಳು ನರಳುತ್ತಿದ್ದಳು, ಹೆಚ್ಚು ಮಾತಿಗೆ ಹೊತ್ತಿರಲಿಲ್ಲ. ಈಗ ಹೊತ್ತಿದೆ. ಈಗ ಕೇಳಿದರೂ ಅಷ್ಟೇ ಹೇಳುತ್ತೇನೆ. ಅವರು ಬಿಚ್ಚು ಎಂದರು, ನಾನು ಬಿಚ್ಚಿದೆ.